ಮೇಸಾನಿಕ್ ಟೆಂಪಲ್, ಫಿಲಡೆಲ್ಫಿಯಾ

ಅಮೆರಿಕದ ಫಿಲಡೆಲ್ಫಿಯಾ ನಗರದ ನಡುಭಾಗದಲ್ಲಿ, ಸಿಟಿ ಹಾಲ್‌ನ ಪಕ್ಕದಲ್ಲೇ ಬ್ರಾಡ್ ಸ್ಟ್ರೀಟ್‌ನಲ್ಲಿರುವ ಫ್ರೀಮೇಸನ್ ಭವನ. ಲಾಡ್ಜ್ ಎಂಬ ಫ್ರೀಮೇಸನ್ ಘಟಕಗಳ ಮೇಲಿನ ಸಂಸ್ಥೆಯಾದ, ಪೆನ್ಸಿಲ್ವೇನಿಯಾ ರಾಜ್ಯದ ಗ್ರ್ಯಾಂಡ್ ಲಾಡ್ಜ್‌ನ ಕೇಂದ್ರಸ್ಥಾನ. ಹಲವು ಕಾಲ, ಹಲವು ದೇಶಗಳ ವಾಸ್ತುಶೈಲಿಗಳನ್ನು ಒಂದೇ ಸೂರಿನಡಿ ತಂದಿರುವುದು ಇದರ ಹೆಗ್ಗಳಿಕೆ.

ಹಿನ್ನೆಲೆ: ಫ್ರೀಮೇಸನ್ನರು ಎಂಬ ಸೋದರ ಸಂಘದವರು ಕಲ್ಲುಕುಟಿಗರ ಕಸುಬನ್ನೇ ನೀತಿಬೋಧೆಯ ಸಂಕೇತವಾಗಿ ಸ್ವೀಕರಿಸಿದವರು. ಮೂಲೆಮಟ್ಟ ಮತ್ತು ಕೈವಾರ ಅವರ ಲಾಂಛನ. ಹೀಗಾಗಿ ಕಟ್ಟಡ ಕಟ್ಟುವುದು ಅವರ ಪಾಲಿಗೆ ನಂಬಿಕೆಯ ಭಾಗವೇ ಆಗಿತ್ತು. ಫಿಲಡೆಲ್ಫಿಯಾದಲ್ಲಿ ಈ ಸಂಘದ ಬೇರು ಆಳವಾದದ್ದು. ಬೆಂಜಮಿನ್ ಫ್ರಾಂಕ್ಲಿನ್ 1734ರಲ್ಲಿ ಇಲ್ಲಿ ಗ್ರ್ಯಾಂಡ್ ಮಾಸ್ಟರ್, ಅಂದರೆ ಸಂಘದ ಮುಖ್ಯಸ್ಥ, ಆಗಿದ್ದರು. ಚೆಸ್ಟ್‌ನಟ್ ಸ್ಟ್ರೀಟ್‌ನಲ್ಲಿ ವಿಲಿಯಂ ಸ್ಟ್ರಿಕ್‌ಲ್ಯಾಂಡ್ ವಿನ್ಯಾಸಗೊಳಿಸಿದ್ದ ಸಂಘದ ಹಳೆಯ ಭವನ 1819ರಲ್ಲಿ ಬೆಂಕಿಗೆ ತುತ್ತಾಯಿತು.

ನಿರ್ಮಾಣ: ಈಗಿನ ಭವನದ ವಿನ್ಯಾಸಕ ಜೇಮ್ಸ್ ವಿಂಡ್ರಿಮ್ ಸ್ವತಃ ಫ್ರೀಮೇಸನ್, ಈ ಕೆಲಸ ದೊರೆತಾಗ ಅವರಿಗೆ 27 ವರ್ಷ. 1868ರ ಜೂನ್ 24ರಂದು, ಸಂತ ಯೋಹಾನನ ಹಬ್ಬದ ದಿನ, ಶಿಲಾನ್ಯಾಸ ನಡೆಯಿತು. 1793ರಲ್ಲಿ ಅಮೆರಿಕದ ಸಂಸತ್ ಭವನಕ್ಕೆ ಅಡಿಗಲ್ಲಿಡುವಾಗ ಜಾರ್ಜ್ ವಾಷಿಂಗ್ಟನ್ ಬಳಸಿದ್ದ ಸುತ್ತಿಗೆಯನ್ನೇ ಈ ವಿಧಿಗೂ ತರಲಾಗಿತ್ತು. ಕಲ್ಲುಗಳನ್ನು ಗಣಿಯಲ್ಲೇ ಕಡಿದು, ಗುರುತು ಹಾಕಿ, ನೇರವಾಗಿ ಜೋಡಿಸಲು ಸಿದ್ಧಗೊಳಿಸಿ ಸಾಗಿಸಿದರು. ಬೈಬಲ್ಲಿನಲ್ಲಿ ಸೊಲೊಮೋನನ ದೇವಾಲಯ ಕಟ್ಟಿದ ರೀತಿಯೂ ಇದೇ. ಸುಮಾರು 16 ಲಕ್ಷ ಡಾಲರ್ ವೆಚ್ಚವಾಗಿ, 1873ರ ಸೆಪ್ಟೆಂಬರ್ 26ರಂದು ಭವನ ಸಮರ್ಪಿತವಾಯಿತು.

ವಾಸ್ತುಶಿಲ್ಪ: ಹೊರಮೈ ಗ್ರಾನೈಟಿನದು, ಅರ್ಧವೃತ್ತಾಕಾರದ ಕಮಾನುಗಳು, ಆಳವಾದ ಹೆಬ್ಬಾಗಿಲು ಮತ್ತು ಗೋಪುರಗಳಿಂದ ಕೂಡಿದ ನಾರ್ಮನ್ ಶೈಲಿ. ಒಳಗೆ ಏಳು ಲಾಡ್ಜ್ ಸಭಾಂಗಣಗಳಿವೆ: ಕೊರಿಂಥಿಯನ್, ಅಯೋನಿಕ್, ನಾರ್ಮನ್, ಗಾಥಿಕ್, ರಿನೈಸಾನ್ಸ್, ಓರಿಯಂಟಲ್ ಮತ್ತು ಈಜಿಪ್ಷಿಯನ್. ಇವುಗಳ ಅಲಂಕಾರ ಕಟ್ಟಡ ಮುಗಿದ ಮೇಲೂ ದಶಕಗಳ ಕಾಲ ನಡೆಯಿತು. ಅದರ ಬಹುಪಾಲು ಮ್ಯೂನಿಕ್‌ನಲ್ಲಿ ಹುಟ್ಟಿದ ಕಲಾವಿದ ಜಾರ್ಜ್ ಹರ್ಜೋಗ್ ಅವರದು. ಓರಿಯಂಟಲ್ ಹಾಲ್‌ಗೆ ಸ್ಪೇನಿನ ಅಲ್ಹಂಬ್ರಾ ಅರಮನೆ ಮಾದರಿ. 1889ರಲ್ಲಿ ಮುಗಿದ ಈಜಿಪ್ಷಿಯನ್ ಹಾಲ್‌ನ ಕಂಬಗಳಿಗೆ ಲಕ್ಸರ್, ಕಾರ್ನಾಕ್ ಮತ್ತು ಫಿಲೇ ದೇವಾಲಯಗಳು ಮಾದರಿ. ಗೋಡೆಗಳ ಚಿತ್ರಲಿಪಿ ಬರಿಯ ಅಲಂಕಾರವಲ್ಲ, ಬಲ್ಲವರು ಓದಬಹುದಾದ ಬರಹ. ಆ ಕಾಲದ ಕಟ್ಟಡಗಳಲ್ಲಿ ಮೂಲಕ್ಕೆ ಇಂಥ ನಿಷ್ಠೆ ಅಪರೂಪ.

ಇಂದಿನ ಸ್ಥಿತಿ: 1985ರಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಲಾಯಿತು. ಗ್ರಂಥಾಲಯದ ಜೊತೆಗೆ, ವಾಷಿಂಗ್ಟನ್ ಧರಿಸಿದ್ದ ಮೇಸಾನಿಕ್ ಏಪ್ರನ್ ಇರುವ ವಸ್ತುಸಂಗ್ರಹಾಲಯವೂ ಇಲ್ಲಿದೆ. ಲಾಡ್ಜ್‌ಗಳ ಸಭೆಗಳಿಗೆ ನೆಲೆಯಾಗಿರುವ ಭವನವನ್ನು ಸಾರ್ವಜನಿಕರೂ ಸಂದರ್ಶಿಸಬಹುದು.