ಬಿತ್ತುವವನ ಕೈಯಲ್ಲಿ ಬೀಜ ಉಳಿದೀತೇ?

ಗುಂಡ್ಲುಪೇಟೆಯ ಸೀಮೆಯಲ್ಲಿ ಅರಳಿ ನಿಂತ ಸೂರ್ಯಕಾಂತಿ ಹೊಲಗಳನ್ನು ಕಂಡು ನೀವು ಹಿಗ್ಗಿರಬಹುದು. ಆದರೆ ಆ ಹೂವಿನ ಕಾಳನ್ನು ಬೆಳೆದವನೇ ಮರುವರ್ಷ ಬಿತ್ತಲಾರ. ಹೈಬ್ರಿಡ್ ತಳಿಯ ಕಾಳನ್ನು ಮತ್ತೆ ಬಿತ್ತಿದರೆ ಪೈರು ಒಂದೇ ಸಮನಾಗಿ ಬಾರದು, ಇಳುವರಿ ಕುಸಿಯುವುದು. ಆದ್ದರಿಂದ ಪ್ರತಿ ಮುಂಗಾರಿಗೂ ಅಂಗಡಿಯ ಬಾಗಿಲು ತಟ್ಟಲೇಬೇಕು.

ರಾಗಿಯ ಕಥೆ ಬೇರೆ. ‘ರಾಗಿ ಲಕ್ಷ್ಮಣಯ್ಯ’ನವರು ಭಾರತದ ಹಾಗೂ ಆಫ್ರಿಕಾದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ನೀಡಿದರು. ರಾಗಿಯದು ಸ್ವಕೀಯ ಪರಾಗಸ್ಪರ್ಶ; ಆದುದರಿಂದ ವಿಜ್ಞಾನಿಯ ತಳಿಯೂ ರೈತನ ಮನೆಯ ಬೀಜವಾಯಿತು. ದೋಷ ವಿಜ್ಞಾನದ್ದಲ್ಲ. 1980ರಲ್ಲಿ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಅನ್ನು ನೀಡಿದ್ದೂ ಬೆಂಗಳೂರಿನ ಸಾರ್ವಜನಿಕ ಕೃಷಿ ವಿಶ್ವವಿದ್ಯಾನಿಲಯವೇ. ಬೀಜದ ಮೂಲ ಯಾರ ಹಿಡಿತದಲ್ಲಿದೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ಬೀದಿಗೆ ತಂದವರು ಕರ್ನಾಟಕದ ರೈತರು. ಬೀಜವನ್ನೂ ಬೌದ್ಧಿಕ ಆಸ್ತಿಯ ವ್ಯಾಪ್ತಿಗೆ ಎಳೆಯುವ ಡಂಕೆಲ್ ಕರಡು 1991ರಲ್ಲಿ ಹೊರಬಂದಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರಾಜ್ಯ ರೈತ ಸಂಘದವರು 1992ರ ಡಿಸೆಂಬರ್ 29ರಂದು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟರು. ಆ ಮಾರ್ಗವನ್ನು ನಾವು ಒಪ್ಪದಿರಬಹುದು. ಅವರೆತ್ತಿದ ಪ್ರಶ್ನೆಯನ್ನು ತಳ್ಳಿಹಾಕಲಾಗದು.

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಬಂದಿತು. ಭಾರತ 2001ರಲ್ಲಿ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯನ್ನು ರಚಿಸಿತು. ಬ್ರ್ಯಾಂಡ್ ಹೆಸರಿನಲ್ಲಲ್ಲದೆ, ರೈತನು ಬೀಜವನ್ನು ಉಳಿಸಬಹುದು, ಮರುಬಿತ್ತಬಹುದು, ಹಂಚಬಹುದು, ಮಾರಲೂಬಹುದು ಎನ್ನುತ್ತದೆ ಅದರ 39ನೆಯ ಕಲಂ. ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೋ ಹೂಡಿದ್ದ ಮೊಕದ್ದಮೆಗಳನ್ನು 2019ರಲ್ಲಿ ವಿರೋಧಕ್ಕೆ ಮಣಿದು ಹಿಂತೆಗೆದುಕೊಂಡಾಗ, ರೈತರ ಪರ ವಾದಕ್ಕೆ ಆಧಾರವಾಗಿದ್ದುದು ಇದೇ ಕಲಂ.

ಆದರೆ ಕಾನೂನು ಬೀಜವನ್ನು ಉಳಿಸುವ ಹಕ್ಕನ್ನು ಕೊಟ್ಟೀತೇ ಹೊರತು ಬೀಜವನ್ನಲ್ಲ. ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಒಟ್ಟಿಗೆ ಬೆಳೆಯುತ್ತಿದ್ದವು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಮನೆಯನ್ನು ಕಾಯುತ್ತಿತ್ತು. ಅಂಗಡಿಯ ಒಂದೇ ಬೆಳೆ ಹೊಲವನ್ನು ತುಂಬಿದಾಗ ಸಾಲುಗಳು ಅಳಿಯುತ್ತವೆ. ಮುದ್ದೆಯ ಪಕ್ಕದ ಹುಚ್ಚೆಳ್ಳು ಚಟ್ನಿ ತಟ್ಟೆಯಿಂದ ಮರೆಯಾಗುತ್ತದೆ. ಬೂದಿ ಬೆರೆಸಿ ಬೀಜ ಕಾಯುತ್ತಿದ್ದ ಅಜ್ಜಿಯ ಅರಿವೂ ಅವಳೊಂದಿಗೇ ಹೋಗುತ್ತದೆ.

ಚಾಮರಾಜನಗರದ ಹೊಂಡರಬಾಳು ಬಳಿ, ನಂಜುಂಡಸ್ವಾಮಿಯವರ ಕನಸಿನಿಂದ ಮೂಡಿದ ‘ಅಮೃತಭೂಮಿ’ಯಲ್ಲಿ ದೇಸಿ ಬೀಜಗಳನ್ನು ಕಾಪಾಡುವ ಕಾರ್ಯ ನಡೆದಿದೆ. ಒಂದು ಕೇಂದ್ರದಿಂದಲೇ ಎಲ್ಲವೂ ಉಳಿಯದು. ನಿಮ್ಮ ಊರಲ್ಲಿ ಹಳೆಯ ಅವರೆಯೋ ರಾಗಿಯೋ ಯಾರ ಮನೆಯಲ್ಲಾದರೂ ಉಳಿದಿದೆಯೇ, ವಿಚಾರಿಸಿರಿ. ಉಳಿದಿದ್ದರೆ ಒಂದು ಹಿಡಿ ಕೇಳಿ ಪಡೆದು, ಈ ಮಳೆಗೇ ಬಿತ್ತಿರಿ. ಬಿತ್ತದ ಹಕ್ಕು ಬಹುಕಾಲ ಬಾಳದು.