ಉಪ್ಪಾಗೆ ಹುಳಿ, ಅಮೆರಿಕದ ಮಾತ್ರೆ

ಇವತ್ತಿನ ಎಪಿಸೋಡ್ ಒಂದು ಹುಳಿ ಹಣ್ಣಿನ ಚರಿತ್ರೆ. ಫೋನಲ್ಲಿ 'ಗಾರ್ಸೀನಿಯಾ ಕ್ಯಾಂಬೋಜಿಯಾ' ಅಂತ ಹುಡುಕಿ ನೋಡಿ, ತೂಕ ಇಳಿಸೋ ಮಾತ್ರೆಗಳ ಸಾಲೇ ಬರುತ್ತೆ. ಹೆಸರು ಕೇಳಿದ್ರೆ ಯಾವುದೋ ವಿದೇಶಿ ಗಿಡ ಅನ್ಸುತ್ತೆ. ಅಲ್ಲ, ಅದು ನಮ್ಮ ಉಪ್ಪಾಗೆ.

ನಾನು ಅರಸೀಕೆರೆಯವಳು. ನಮ್ಮ ಕಡೆ ತೆಂಗು, ರಾಗಿ, ಸಾರಿಗೆ ಹುಣಸೆಹಣ್ಣು. ಬಾಣಾವರ, ಜಾವಗಲ್, ಹಳೇಬೀಡು ದಾಟಿ ಬೇಲೂರಿನ ಕಡೆ ಹೊರಟ್ರೆ ಮಲೆನಾಡಿನ ಸೆರಗು ಸಿಗುತ್ತೆ. ಇನ್ನೂ ಪಶ್ಚಿಮಕ್ಕೆ, ಘಟ್ಟದ ಕಾಡಲ್ಲಿ, ಹುಳಿ ಅಂದ್ರೆ ಉಪ್ಪಾಗೆ. ಸಿಪ್ಪೆ ಒಣಗಿಸಿ ಅಡುಗೆಗೆ ಹಾಕ್ತಾರೆ, ಬೀಜದಿಂದ ತುಪ್ಪ ತೆಗೀತಾರೆ. ಕೊಡಗಿನ ಕಾಚಂಪುಳಿ ಇದೇ ಹಣ್ಣಿನ ರಸ ಕಾಯಿಸಿ ಇಳಿಸಿದ್ದು.

ಕಥೆ ಮೈಸೂರಿಗೆ ಬರುತ್ತೆ. ಅಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಇದೆ, ಆಹಾರ ಸಂಶೋಧನಾಲಯ. ಈ ಹುಳಿಯಲ್ಲಿರೋದು ಸಿಟ್ರಿಕ್, ಟಾರ್ಟಾರಿಕ್ ಆಮ್ಲ ಅಂತ ಮೊದಲು ತಿಳಿದಿದ್ರು. 1965ರಲ್ಲಿ ಲೂಯಿಸ್ ಮತ್ತು ನೀಲಕಂಠನ್ ಅನ್ನೋ ವಿಜ್ಞಾನಿಗಳು ಅದು ಬೇರೆಯೇ ಅಂತ ತೋರಿಸಿದ್ರು: ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಚಿಕ್ಕದಾಗಿ ಎಚ್‌ಸಿಎ. ಅವರು ಗುರುತಿಸಿದ್ದು ಆಮ್ಲವನ್ನ. ತೂಕದ ಮಾತು ಆಮೇಲೆ ಬಂತು.

1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೋವೆನ್‌ಸ್ಟೈನ್ ತಂಡ ಒಂದು ವಿಷಯ ಕಂಡುಹಿಡೀತು. ದೇಹ ಸಕ್ಕರೆಯನ್ನ ಕೊಬ್ಬಾಗಿ ಮಾಡೋಕೆ ಒಂದು ಕಿಣ್ವ ಬೇಕು, ಎಚ್‌ಸಿಎ ಆ ಕಿಣ್ವವನ್ನ ತಡೆಯುತ್ತೆ. 70ರ ದಶಕದಲ್ಲಿ ಇದನ್ನ ಇಲಿಗಳಿಗೆ ಕೊಟ್ಟಾಗ ಅವು ಕಮ್ಮಿ ತಿಂದವು, ತೂಕವೂ ಅಷ್ಟಾಗಿ ಏರಲಿಲ್ಲ. 90ರ ದಶಕಕ್ಕೆ ಈ ಸಾರ ಮಾತ್ರೆಯಾಗಿ ಅಂಗಡಿಗೆ ಬಂದಿತ್ತು.

ಕಾಮರ್ಸ್ ಓದಿದ ನನಗೆ ಮುಂದಿನದ್ದು ಚೆನ್ನಾಗಿ ಅರ್ಥವಾಗುತ್ತೆ. ಬೇಡಿಕೆ ಬಂತು, ಬೆಲೆ ಏರಿತು. ಉತ್ತರ ಕನ್ನಡದ ಕಾಡಲ್ಲಿ ಯಾರು ಮೊದಲು ಕೊಯ್ತಾರೋ ಅವರದ್ದೇ ಹಣ್ಣು. ಹಾಗಾಗಿ ಬಲಿಯೋ ಮೊದಲೇ ಕಿತ್ತರು, ಕೊಂಬೆ ಕಡಿದರು. ಹಣ್ಣು ಬರೋದು ಮಳೆಗಾಲದಲ್ಲಿ, ಬಿಸಿಲೇ ಇರಲ್ಲ. ಒಣಗಿಸೋಕೆ ಒಲೆ ಹಚ್ಚಬೇಕು, ಅದಕ್ಕೆ ರಾಶಿ ರಾಶಿ ಸೌದೆ. ಅಮೆರಿಕದವರು ಸಣ್ಣಗಾಗೋ ಆಸೆಗೆ ಇಲ್ಲಿ ಕಾಡು ಸುಟ್ಟಿತು.

ಸರಿ, ಅವರು ಸಣ್ಣಗಾದ್ರಾ? 1998ರಲ್ಲಿ ನ್ಯೂಯಾರ್ಕ್‌ನ ಸ್ಟೀವನ್ ಹೈಮ್ಸ್‌ಫೀಲ್ಡ್ ತಂಡದ ಪರೀಕ್ಷೆ 'ಜಾಮಾ' ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 135 ಜನ, 12 ವಾರ. ಕೆಲವರಿಗೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ, ಉಳಿದವರಿಗೆ ನೋಡೋಕೆ ಹಾಗೇ ಇರೋ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ಕೊಡೋರಿಗೂ ಗೊತ್ತಿಲ್ಲ, ತಗೊಳ್ಳೋರಿಗೂ ಗೊತ್ತಿಲ್ಲ. ಎಲ್ಲರಿಗೂ ಒಂದೇ ಥರದ ಕಮ್ಮಿ ಕ್ಯಾಲೊರಿ ಊಟ. ಎಚ್‌ಸಿಎ ತಗೊಂಡವರು ಸರಾಸರಿ 3.2 ಕೆಜಿ ಇಳಿದ್ರು, ಖಾಲಿ ಮಾತ್ರೆಯವರು 4.1 ಕೆಜಿ! ಲೆಕ್ಕಶಾಸ್ತ್ರದ ಪ್ರಕಾರ ಆ ವ್ಯತ್ಯಾಸಕ್ಕೂ ಅರ್ಥವಿಲ್ಲ. ತೂಕ ಇಳಿಸಿದ್ದು ಊಟ, ಮಾತ್ರೆ ಅಲ್ಲ.

ಇಲಿಯಲ್ಲಿ ಆಗಿದ್ದು ನಮ್ಮಲ್ಲಿ ಯಾಕೆ ಆಗಲಿಲ್ಲ? ಇಲಿ ಸಕ್ಕರೆಯಿಂದ ಕೊಬ್ಬು ಮಾಡೋದು ಜಾಸ್ತಿ. ಎಲ್ಲ ಬೆರೆಸಿ ಉಣ್ಣೋ ಮನುಷ್ಯನ ಮೈಗೆ ಬಹುಪಾಲು ಕೊಬ್ಬು ಊಟದ ಕೊಬ್ಬಿನಿಂದಲೇ ಸೇರುತ್ತೆ. ಹಾಗಾಗಿ ಅದೇ ಬಾಗಿಲು ಮುಚ್ಚಿದ್ರೂ ಇಲ್ಲಿ ಅಷ್ಟು ಲಾಭ ಇಲ್ಲ.

ವ್ಯಾಪಾರ ಮಾತ್ರ ನಿಲ್ಲಲಿಲ್ಲ. 16 ವರ್ಷ ಆದ್ಮೇಲೆ, 2014ರಲ್ಲಿ, ಅಮೆರಿಕದ ಸೆನೆಟ್ ಸಮಿತಿ ಟಿವಿ ವೈದ್ಯ ಮೆಹ್ಮೆತ್ ಓಜ್ ಅವರನ್ನ ಇಂಥ ಪ್ರಚಾರಗಳ ಬಗ್ಗೆ ಪ್ರಶ್ನಿಸಿತು. ಅಲ್ಲೂ ಗಾರ್ಸೀನಿಯಾ ಹೆಸರು ಬಂತು. ಈ ಸಾರದ ಮಾತ್ರೆ ತಗೊಂಡು ಲಿವರ್ ಕೆಟ್ಟ ಪ್ರಕರಣಗಳನ್ನೂ ವೈದ್ಯರು ದಾಖಲಿಸಿದ್ದಾರೆ. ಸಾರಿಗೆ ಹಾಕೋ ಎರಡು ತುಂಡು ಸಿಪ್ಪೆ ಬೇರೆ, ತಿಂಗಳುಗಟ್ಟಲೆ ನುಂಗೋ ಗಟ್ಟಿ ಸಾರ ಬೇರೆ. 'ನ್ಯಾಚುರಲ್' ಅನ್ನೋ ಪದ ಈ ವ್ಯತ್ಯಾಸ ಹೇಳಲ್ಲ.

ಇನ್ನೊಂದು ಸಲ ಡಬ್ಬಿ ಮೇಲೆ 'ಪರೀಕ್ಷಿಸಿ ಸಾಬೀತಾಗಿದೆ' ಅಂತ ಕಂಡ್ರೆ ಮೂರು ಪ್ರಶ್ನೆ ಕೇಳಿ. ಇಲಿ ಮೇಲೋ, ಮನುಷ್ಯರ ಮೇಲೋ? ಎಷ್ಟು ಜನರ ಮೇಲೆ? ಖಾಲಿ ಮಾತ್ರೆ ಜೊತೆ ಹೋಲಿಸಿದ್ರಾ? ಈಗಾಗ್ಲೇ ತಗೊಳ್ತಿದ್ರೆ ನಿಮ್ಮ ಡಾಕ್ಟರಿಗೆ ಹೇಳಿ. ಮುಂದಿನ ವಾರ ಸಿಗೋಣ.