ಭೂಮಿಯೂ ದೊರೆತನವೂ: ಬೈಯಪ್ಪನಹಳ್ಳಿಯ ಒಂದು ವ್ಯಾಜ್ಯದ ಚರಿತ್ರೆ

ಹರಿಹರದ ಹರಿಹರೇಶ್ವರ ದೇವಾಲಯದ ಶಾಸನಗಳನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕ್ರಿ. ಶ. ೧೨೨೪ರ ಸುಮಾರಿನಲ್ಲಿ ಕಟ್ಟಿಸಿದ ಆ ದೇವಾಲಯಕ್ಕೆ ಸಂಬಂಧಪಟ್ಟ ಶಾಸನಗಳಲ್ಲಿ ಭೂದಾನವನ್ನು ಕುರಿತವು ಅನೇಕವಿವೆ. ನಮ್ಮ ನಾಡಿನ ದಾನಶಾಸನಗಳ ಕೊನೆಗೆ ಸಾಮಾನ್ಯವಾಗಿ ಒಂದು ಶಾಪವಿರುವುದು. ತಾನು ಕೊಟ್ಟುದಾಗಲಿ ಅನ್ಯರು ಕೊಟ್ಟುದಾಗಲಿ, ಭೂಮಿಯನ್ನು ಕಸಿದುಕೊಂಡವನಿಗೆ ದೀರ್ಘಕಾಲದ ಕ್ರಿಮಿಜನ್ಮವನ್ನು ಅದು ವಿಧಿಸುತ್ತದೆ. ಸಾಮಾನ್ಯ ಕಳ್ಳನನ್ನು ದಂಡಿಸಲು ಊರ ಮಹಾಜನರಿದ್ದರು, ದೊರೆಯ ಅಧಿಕಾರಿಗಳಿದ್ದರು. ದೊರೆಯೇ ಭೂಮಿಯನ್ನು ಅಪಹರಿಸಿದರೆ ದೂರು ಕೊಡುವುದು ಯಾರಲ್ಲಿ? ಆ ಪ್ರಶ್ನೆಗೆ ಅಂದಿನವರಿಗೆ ತೋರಿದ ಉತ್ತರವು ಈ ಶಾಪವೇ.

ಇಂದು ಅದೇ ಪ್ರಶ್ನೆಗೆ ನ್ಯಾಯಾಲಯಗಳು ಉತ್ತರ ಕೊಡಬೇಕಾಗಿದೆ. ಸಾರ್ವಜನಿಕ ಕಾರ್ಯಕ್ಕಾಗಿ ಸರ್ಕಾರವು ಪ್ರಜೆಗಳ ಭೂಮಿಯನ್ನು ತೆಗೆದುಕೊಳ್ಳಬೇಕಾಗುವುದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಭದ್ರೆಯ ನೀರು ದಾವಣಗೆರೆ ಹರಿಹರಗಳ ಗದ್ದೆಗಳಿಗೆ ಹರಿದುಬಂದುದು ನಾಲೆಯ ದಾರಿಯಲ್ಲಿದ್ದ ಹೊಲಗಳು ನಾಲೆಗೆ ಒದಗಿದುದರಿಂದಲೇ ಅಲ್ಲವೆ? ಆದರೆ ತೆಗೆದುಕೊಳ್ಳುವ ಕ್ರಮವೊಂದುಂಟು. ಆ ಕ್ರಮವನ್ನು ಬಿಟ್ಟು ಸರ್ಕಾರವು ಭೂಮಿಯಲ್ಲಿ ಕುಳಿತರೆ ಒಡೆಯನ ಗತಿ ಏನು? ಸಾರಥಿಯ ಎರಡೆಕರೆಯ ರೈತನಿಗೂ ಬೆಂಗಳೂರಿನ ನಿವೇಶನದ ಒಡೆಯನಿಗೂ ಈ ಪ್ರಶ್ನೆಯು ಸಮಾನವಾದುದು. ಬೆಂಗಳೂರಿನ ಬೈಯಪ್ಪನಹಳ್ಳಿಯ ಸುಮಾರು ನಾಲ್ಕು ಎಕರೆ ಭೂಮಿಯ ವ್ಯಾಜ್ಯವನ್ನು, ಅದಕ್ಕೆ ಹಿನ್ನೆಲೆಯಾದ ಕಾನೂನಿನ ಚರಿತ್ರೆಯೊಡನೆ, ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಉದ್ದೇಶಿಸಿದೆ.

ಸರ್ಕಾರವು ಭೂಮಿಯನ್ನು ಪಡೆಯುವ ಮಾರ್ಗಗಳಲ್ಲಿ ಎರಡು ಬಗೆಗಳನ್ನು ಮೊದಲು ಬೇರ್ಪಡಿಸಿ ತಿಳಿಯಬೇಕು. ಒಂದು ಶಾಶ್ವತವಾದ ಸ್ವಾಧೀನ. ಬ್ರಿಟಿಷ್ ಇಂಡಿಯಕ್ಕೆ ೧೮೯೪ರಲ್ಲಿ ಭೂಸ್ವಾಧೀನ ಕಾನೂನು ಬಂದಿತು. ಮೈಸೂರು ಸಂಸ್ಥಾನವೂ ಅದೇ ವರ್ಷ ಅಂತಹದೇ ಕಾನೂನನ್ನು ಮಾಡಿಕೊಂಡಿತು. ಮೊದಲು ಪ್ರಾಥಮಿಕ ಪ್ರಕಟಣೆ, ಬಳಿಕ ಆಕ್ಷೇಪಣೆಗಳ ವಿಚಾರಣೆ, ಅನಂತರ ಸಾರ್ವಜನಿಕ ಉದ್ದೇಶದ ಘೋಷಣೆ, ಕೊನೆಗೆ ಪರಿಹಾರವನ್ನು ಗೊತ್ತುಮಾಡುವ ಐತೀರ್ಪು. ಪರಿಹಾರವು ಸಾಲದೆಂದು ತೋರಿದವನು ಸಿವಿಲ್ ನ್ಯಾಯಾಲಯದ ಮುಂದೆ ಹೋಗಬಹುದು. ಆಕ್ಷೇಪಣೆಯನ್ನು ಕೇಳುವ ಏರ್ಪಾಡು ಬ್ರಿಟಿಷ್ ಇಂಡಿಯದ ಕಾನೂನಿಗೆ ಸೇರಿದುದು ೧೯೨೩ರ ತಿದ್ದುಪಡಿಯಿಂದ. ಈ ಕಾನೂನು ಒಂದು ಶತಮಾನಕ್ಕೂ ಮೀರಿ ಬಾಳಿ, ೨೦೧೩ರ ಹೊಸ ಕಾನೂನಿಗೆ ೨೦೧೪ರ ಜನವರಿ ೧ರಂದು ಸ್ಥಳ ಬಿಟ್ಟುಕೊಟ್ಟಿತು.

ಎರಡನೆಯದು ತಾತ್ಕಾಲಿಕವಾದ ವಶ. ಇಲ್ಲಿ ಭೂಮಿಯ ಒಡೆತನವು ಬದಲಾಗುವುದಿಲ್ಲ. ಸರ್ಕಾರವು ತನ್ನ ಅವಶ್ಯಕತೆ ತೀರುವವರೆಗೆ ಉಪಯೋಗಿಸಿ, ಆವರೆಗೆ ಬಾಡಿಗೆಯಂತಹ ಪರಿಹಾರವನ್ನು ಕೊಟ್ಟು, ಬಳಿಕ ಒಡೆಯನಿಗೆ ಹಿಂದಿರುಗಿಸಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದೇಶರಕ್ಷಣೆಯ ಕಾನೂನುಗಳಿಂದ ಈ ಅಧಿಕಾರವು ವಿಸ್ತಾರವಾಗಿ ಬಳಕೆಗೆ ಬಂದಿತು. ಯುದ್ಧವು ಮುಗಿದರೂ ಅಧಿಕಾರವು ಮುಗಿಯಲಿಲ್ಲ. ಸ್ವಾತಂತ್ರ್ಯಾನಂತರ ೧೯೫೨ರಲ್ಲಿ ಪಾರ್ಲಿಮೆಂಟು ಸ್ಥಿರಾಸ್ತಿಗಳ ತಾತ್ಕಾಲಿಕ ವಶ ಮತ್ತು ಸ್ವಾಧೀನಕ್ಕೆ ಒಂದು ಕಾನೂನನ್ನು ಮಾಡಿತು. ಮೊದಲು ಆರು ವರ್ಷಗಳಿಗೆಂದು ಹುಟ್ಟಿದ ಆ ಕಾನೂನಿನ ಆಯುಸ್ಸನ್ನು ಮತ್ತೆ ಮತ್ತೆ ಬೆಳೆಸಲಾಯಿತು. ಹಾಗೆ ವಶಕ್ಕೆ ಬಂದ ಸ್ವತ್ತುಗಳನ್ನು ಇರಿಸಿಕೊಳ್ಳಲು ಕೊಟ್ಟಿದ್ದ ಅವಧಿಯು ಕಡೆಗೆ ೧೯೮೭ರ ಮಾರ್ಚಿಯಲ್ಲಿ ತೀರಿತು. ಈ ದಿನಾಂಕವನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ವ್ಯಾಜ್ಯವು ಇದರ ಮೇಲೆಯೇ ನಿಂತಿದೆ.

ಇನ್ನು ಸಂವಿಧಾನದ ವಿಷಯ. ೧೯೫೦ರಲ್ಲಿ ಸ್ವತ್ತಿನ ಹಕ್ಕು ಮೂಲಭೂತ ಹಕ್ಕುಗಳ ಸಾಲಿನಲ್ಲಿತ್ತು. ಹತ್ತೊಂಬತ್ತನೆಯ ಮತ್ತು ಮೂವತ್ತೊಂದನೆಯ ವಿಧಿಗಳು ಅದನ್ನು ಕಾಯುತ್ತಿದ್ದುವು. ಆದರೆ ಅದೇ ಕಾಲಕ್ಕೆ ದೇಶವು ಮತ್ತೊಂದು ನ್ಯಾಯವನ್ನೂ ಕೇಳುತ್ತಿತ್ತು. ನಮ್ಮ ನೆರೆಯ ಸಾಗರ ಸೀಮೆಯಲ್ಲಿ ೧೯೫೧ರಲ್ಲಿ ನಡೆದ ಕಾಗೋಡು ಸತ್ಯಾಗ್ರಹವನ್ನು ಇಲ್ಲಿ ಸ್ಮರಿಸಬೇಕು. ಉಳುವ ಗೇಣಿದಾರನಿಗೆ ನೆಲದ ಮೇಲೆ ಹಕ್ಕಿಲ್ಲ, ಉಳದ ಒಡೆಯನಿಗೆ ಹಕ್ಕುಂಟು ಎಂಬ ಸ್ಥಿತಿಯು ಸಹಿಸತಕ್ಕುದಲ್ಲವೆಂಬ ಭಾವನೆ ಬಲವಾಯಿತು. ಜಮೀನುದಾರರು ನ್ಯಾಯಾಲಯಗಳಲ್ಲಿ ಭೂಸುಧಾರಣೆಯ ಕಾನೂನುಗಳನ್ನು ತಡೆಯತೊಡಗಿದುದರಿಂದ, ೧೯೫೧ರ ಪ್ರಥಮ ತಿದ್ದುಪಡಿಯು ಅಂತಹ ಕಾನೂನುಗಳಿಗೆ ಒಂಬತ್ತನೆಯ ಅನುಸೂಚಿಯಲ್ಲಿ ರಕ್ಷಣೆಯನ್ನು ಕಲ್ಪಿಸಿತು. ೧೯೫೫ರ ತಿದ್ದುಪಡಿಯು ಪರಿಹಾರವು ಸಾಲದೆಂಬ ವಾದವನ್ನು ನ್ಯಾಯಾಲಯದ ವಿಚಾರಣೆಯಿಂದ ಹೊರಗಿಟ್ಟಿತು.

ಈ ಘರ್ಷಣೆಯಲ್ಲಿ ಒಬ್ಬ ಕನ್ನಡಿಗರ ಹೆಸರು ಚಿರಸ್ಥಾಯಿಯಾಗಿದೆ. ಕಾಸರಗೋಡು ಸೀಮೆಯ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು, ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಭೂಮಿಗೆ ಒದಗಿದ ಬಾಧೆಯನ್ನು ಪ್ರಶ್ನಿಸಿ ೧೯೭೦ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಹದಿಮೂರು ಮಂದಿ ನ್ಯಾಯಾಧೀಶರು ಅರುವತ್ತೆಂಟು ದಿನ ವಾದವನ್ನು ಕೇಳಿದರು. ೧೯೭೩ರ ಏಪ್ರಿಲ್ ೨೪ರಂದು ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆಯಾಗಿ ತೀರ್ಪು ಹೊರಟಿತು. ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲಸ್ವರೂಪವನ್ನು ಕೆಡಿಸಲಾಗದೆಂಬ ಸಿದ್ಧಾಂತವು ಅಲ್ಲಿ ಸ್ಥಿರವಾಯಿತು. ಇದರಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಯಾವ ಭೂಮಿಗಾಗಿ ಸ್ವಾಮಿಗಳು ನ್ಯಾಯಾಲಯಕ್ಕೆ ಹೋದರೋ ಆ ಭೂಮಿಯನ್ನು ಈ ಮಹಾತೀರ್ಪು ಅವರಿಗೆ ಉಳಿಸಿಕೊಡಲಿಲ್ಲ. ದೇಶಕ್ಕೆ ಮಾತ್ರ ಅದರಿಂದ ದೊಡ್ಡ ರಕ್ಷಣೆ ದೊರೆಯಿತು.

ಮುಂದೆ ೧೯೭೮ರ ನಲವತ್ತನಾಲ್ಕನೆಯ ತಿದ್ದುಪಡಿಯಿಂದ ಸ್ವತ್ತಿನ ಹಕ್ಕನ್ನು ಮೂಲಭೂತ ಹಕ್ಕುಗಳ ಸಾಲಿನಿಂದ ತೆಗೆದುಹಾಕಲಾಯಿತು. ಅದು ೧೯೭೯ರ ಜೂನ್ ೨೦ರಂದು ಜಾರಿಗೆ ಬಂದಿತು. ಅದರ ಸ್ಥಾನದಲ್ಲಿ ಉಳಿದುದು ಮುನ್ನೂರು ಎ ಎಂಬ ಒಂದು ಚಿಕ್ಕ ವಿಧಿ. ಕಾನೂನಿನ ಅಧಿಕಾರದಿಂದಲ್ಲದೆ ಯಾರ ಸ್ವತ್ತನ್ನೂ ತಪ್ಪಿಸಕೂಡದು ಎಂಬಷ್ಟೇ ಅದರ ತಾತ್ಪರ್ಯ. ಸ್ವತ್ತಿನ ಹಕ್ಕು ಇನ್ನು ನಾಮಮಾತ್ರವಾಯಿತೆಂದು ಅನೇಕರು ಭಾವಿಸಿದರು. ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಬೈಯಪ್ಪನಹಳ್ಳಿಯ ವ್ಯಾಜ್ಯವು ಪರೀಕ್ಷಿಸಿತು.

ಚೀನದೊಡನೆ ಯುದ್ಧ ನಡೆದ ಮರುವರ್ಷ, ಎಂದರೆ ೧೯೬೩ರಲ್ಲಿ, ಕೇಂದ್ರ ಸರ್ಕಾರವು ರಕ್ಷಣಾಕಾರ್ಯಕ್ಕಾಗಿ ೧೯೫೨ರ ಕಾನೂನಿನ ಪ್ರಕಾರ ಬೈಯಪ್ಪನಹಳ್ಳಿಯ ಈ ಭೂಮಿಯನ್ನು ತನ್ನ ತಾತ್ಕಾಲಿಕ ವಶಕ್ಕೆ ತೆಗೆದುಕೊಂಡಿತು. ಆ ಸಂದರ್ಭದಲ್ಲಿ ಅದನ್ನು ಅನ್ಯಾಯವೆನ್ನಲು ಕಾರಣವಿರಲಿಲ್ಲ; ಕಾನೂನಿತ್ತು, ಅವಶ್ಯಕತೆಯೂ ಇತ್ತು. ೧೯೮೭ ಬಂದಿತು, ವಶದಲ್ಲಿರಿಸಿಕೊಳ್ಳುವ ಅಧಿಕಾರವು ತೀರಿತು. ಭೂಮಿಯು ಒಡೆಯರ ಕೈಗೆ ಬರಬೇಕಾಗಿತ್ತು, ಇಲ್ಲವೆ ಕ್ರಮಬದ್ಧವಾಗಿ ಶಾಶ್ವತ ಸ್ವಾಧೀನವಾಗಬೇಕಾಗಿತ್ತು. ಎರಡೂ ಆಗಲಿಲ್ಲ. ಈ ನಡುವೆ ಬೆಂಗಳೂರು ಬೆಳೆಯಿತು. ಊರ ಹೊರಗಿನ ಹೊಲವು ನಗರದ ನಡುವಿನ ಬೆಲೆಬಾಳುವ ನೆಲವಾಯಿತು. ದಾಖಲೆಯಲ್ಲಿ ಒಡೆಯರು ಒಡೆಯರಾಗಿಯೇ ಇದ್ದರು. ನೆಲದ ಮೇಲೆ ಮಾತ್ರ ಅವರು ಕಾಲಿಡುವಂತಿರಲಿಲ್ಲ.

ಒಡೆಯರು ಕರ್ನಾಟಕ ಹೈಕೋರ್ಟಿನ ಮೊರೆಹೊಕ್ಕರು. ಭೂಮಿಯನ್ನು ಇರಿಸಿಕೊಳ್ಳಲು ಕೇಂದ್ರ ಸರ್ಕಾರಕ್ಕೆ ಹಕ್ಕಿಲ್ಲವೆಂಬುದನ್ನು ಹೈಕೋರ್ಟು ಒಪ್ಪಿತು. ಆದರೆ ಸುತ್ತಲಿನ ಭೂಮಿಯೆಲ್ಲ ರಕ್ಷಣಾ ಇಲಾಖೆಗೆ ಸೇರಿ ಅದರ ಉಪಯೋಗದಲ್ಲಿರುವ ಕಾರಣ, ಇದನ್ನು ಬಿಡಿಸಿಕೊಡುವಂತೆ ಆಜ್ಞೆಮಾಡಲು ಅದು ಒಡಂಬಡಲಿಲ್ಲ. ಹಕ್ಕು ಒಡೆಯರದೇ ಆಗಿದ್ದರೂ ಭೂಮಿಯು ಕೈಗೆ ಬರಲಿಲ್ಲ. ಇಂತಹ ತೀರ್ಪು ಬಂದಾಗ ಸಾಮಾನ್ಯ ಗೃಹಸ್ಥನಿಗೆ ಉಂಟಾಗುವ ಕ್ಲೇಶವನ್ನು ಊಹಿಸಬಹುದು. ಸೋತವನಾದರೂ ಸುಮ್ಮನಿರುತ್ತಾನೆ, ಗೆದ್ದೂ ಬರಿಗೈಯಲ್ಲಿ ಮರಳಿದವನು ಯಾರಲ್ಲಿ ಹೇಳಿಕೊಳ್ಳಬೇಕು?

ಒಡೆಯರು ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಮೂರ್ತಿ ಇಂದಿರಾ ಬ್ಯಾನರ್ಜಿ ಮತ್ತು ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಇವರ ಪೀಠವು ೨೦೨೦ರ ನವೆಂಬರ್ ೨೪ರಂದು ತೀರ್ಪನ್ನು ಕೊಟ್ಟಿತು. ನ್ಯಾಯಮೂರ್ತಿ ಭಟ್ಟರು ಬರೆದ ಆ ತೀರ್ಪಿನ ಸಾರವನ್ನು ಹೀಗೆ ಸಂಗ್ರಹಿಸಬಹುದು. ಮುನ್ನೂರು ಎ ವಿಧಿಯು ಮೂಲಭೂತ ಹಕ್ಕುಗಳಲ್ಲಿ ಸೇರಿಲ್ಲದಿರಬಹುದು. ಆದರೆ ಪ್ರಾಣ ಸ್ವಾತಂತ್ರ್ಯಗಳನ್ನು ಕಾಯುವ ಇಪ್ಪತ್ತೊಂದನೆಯ ವಿಧಿಗೂ, ಕಾನೂನಿಲ್ಲದೆ ತೆರಿಗೆಯಿಲ್ಲವೆನ್ನುವ ಇನ್ನೂರ ಅರುವತ್ತೈದನೆಯ ವಿಧಿಗೂ ಅದಕ್ಕೂ ಮಾತಿನ ಹೋಲಿಕೆ ಸ್ಪಷ್ಟವಾಗಿದೆ. ಈ ಮೂರೂ ಸರ್ಕಾರದ ಕೈಗೆ ಹಾಕಿದ ಕಟ್ಟುಗಳು. ಕಾನೂನಿನ ಆಧಾರವಿಲ್ಲದೆ, ಸಾರ್ವಜನಿಕ ಹಿತದ ಹೆಸರಿನಲ್ಲಿ, ಪರರ ಭೂಮಿಯಲ್ಲಿ ಕಾಲಮಿತಿಯಿಲ್ಲದೆ ಉಳಿಯಲು ಸರ್ಕಾರಕ್ಕೆ ಅವಕಾಶ ಕೊಡುವುದೆಂದರೆ ಕಾನೂನುರಾಹಿತ್ಯವನ್ನು ಮನ್ನಿಸಿದಂತೆಯೇ. ಒಬ್ಬನನ್ನು ತನ್ನ ಸ್ವತ್ತಿನಿಂದ ದೂರವಿರಿಸಲು ಮೂವತ್ತಮೂರು ವರ್ಷಗಳ ಅವಧಿಯು ಸಾಕಾದಷ್ಟು ದೀರ್ಘವಾದುದು. ಹೀಗೆ ಹೇಳಿ, ಮೂರು ತಿಂಗಳೊಳಗಾಗಿ ಭೂಮಿಯನ್ನು ಒಡೆಯರಿಗೆ ಬಿಟ್ಟುಕೊಡಬೇಕೆಂದು ಪೀಠವು ಆಜ್ಞೆಮಾಡಿತು.

ಇದು ಒಂಟಿಯಾದ ತೀರ್ಪಲ್ಲ. ಅದೇ ವರ್ಷದ ಜನವರಿಯಲ್ಲಿ, ಹಿಮಾಚಲ ಪ್ರದೇಶದ ಅಕ್ಷರಜ್ಞಾನವಿಲ್ಲದ ಒಬ್ಬ ವೃದ್ಧೆಯ ಭೂಮಿಯ ವಿಷಯವು ಅದೇ ಕೋರ್ಟಿನ ಮುಂದೆ ತೀರ್ಮಾನವಾಗಿತ್ತು. ೧೯೬೭-೬೮ರಲ್ಲಿ ಯಾವ ಕ್ರಮವನ್ನೂ ಅನುಸರಿಸದೆ ಆಕೆಯ ಭೂಮಿಯನ್ನು ರಸ್ತೆಗೆ ಸೇರಿಸಲಾಗಿತ್ತು. ಬಹುಕಾಲದಿಂದ ತನ್ನ ಅನುಭವದಲ್ಲಿರುವುದರಿಂದ ಭೂಮಿ ತನ್ನದೇ ಆಯಿತೆಂದು ಸರ್ಕಾರವು ವಾದಿಸಿತು. ಪ್ರಜೆಗಳ ಕ್ಷೇಮಕ್ಕಾಗಿರುವ ಸರ್ಕಾರವು ಅಕ್ರಮ ಪ್ರವೇಶಮಾಡಿದವನ ವಾದವನ್ನು ಹೂಡಕೂಡದೆಂದು ಹೇಳಿ ಕೋರ್ಟು ಪರಿಹಾರವನ್ನು ಕೊಡಿಸಿತು. ನಮ್ಮ ರಾಜ್ಯದಲ್ಲಿಯೇ, ಬೆಂಗಳೂರು ಮೈಸೂರು ನಡುವಣ ಹೆದ್ದಾರಿ ಯೋಜನೆಗಾಗಿ ಗೊಟ್ಟಿಗೆರೆಯ ನಿವೇಶನದಾರರ ನೆಲಕ್ಕೆ ೨೦೦೩ರಲ್ಲಿ ಪ್ರಕಟಣೆ ಹೊರಟು, ೨೦೦೫ರಲ್ಲಿ ನೆಲವು ಅವರ ಕೈಬಿಟ್ಟಿತು. ಪರಿಹಾರದ ಐತೀರ್ಪು ಹೊರಟುದು ೨೦೧೯ರಲ್ಲಿ, ಅದೂ ನ್ಯಾಯಾಲಯ ನಿಂದನೆಯ ನಡವಳಿಗಳ ತರುವಾಯ. ಹಳೆಯ ಬೆಲೆಯನ್ನು ಕಟ್ಟಿಕೊಡುವುದು ನ್ಯಾಯದ ಪರಿಹಾಸ್ಯವಾಗುವುದರಿಂದ, ೨೦೧೯ರ ಏಪ್ರಿಲ್ ೨೨ರಂದು ಇದ್ದ ಬೆಲೆಯನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು ೨೦೨೫ರ ಜನವರಿ ೨ರಂದು ವಿಧಿಸಿತು. ಇಲ್ಲಿ ಭೂಮಿಯನ್ನು ತೆಗೆದುಕೊಂಡುದಕ್ಕೆ ಕಾನೂನಿತ್ತು, ವಿಳಂಬವೇ ಅನ್ಯಾಯವಾಯಿತು.

೨೦೨೪ರ ಮೇ ತಿಂಗಳಲ್ಲಿ ಕಲ್ಕತ್ತೆಯ ಒಂದು ವ್ಯಾಜ್ಯದಲ್ಲಿ ನ್ಯಾಯಮೂರ್ತಿ ಪಿ. ಎಸ್. ನರಸಿಂಹ ಇವರು ಮುನ್ನೂರು ಎ ವಿಧಿಯಲ್ಲಿ ಅಡಗಿರುವ ಏಳು ಅಂಶಗಳನ್ನು ಬಿಡಿಸಿ ಹೇಳಿದ್ದಾರೆ. ಒಡೆಯನಿಗೆ ನೋಟೀಸು ಕೊಡಬೇಕು, ಅವನ ಆಕ್ಷೇಪಣೆಯನ್ನು ಕೇಳಬೇಕು, ಕಾರಣಸಹಿತವಾದ ನಿರ್ಣಯವನ್ನು ತಿಳಿಸಬೇಕು, ಉದ್ದೇಶವು ಸಾರ್ವಜನಿಕವಾದುದೆಂದು ತೋರಿಸಬೇಕು, ನ್ಯಾಯವಾದ ಪರಿಹಾರವನ್ನು ಕೊಡಬೇಕು, ಕಾರ್ಯವನ್ನು ದಕ್ಷತೆಯಿಂದ ಗೊತ್ತಾದ ಕಾಲದೊಳಗೆ ನಡೆಸಬೇಕು, ಕೊನೆಮುಟ್ಟಿಸಬೇಕು. ಭೂಮಿಯುಳ್ಳ ಪ್ರತಿಯೊಂದು ಮನೆಯವರೂ ಇವನ್ನು ತಿಳಿದಿರುವುದು ಒಳ್ಳೆಯದು.

ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಒಂದು ಕ್ರಮವು ಕಂಡುಬರುತ್ತದೆ. ಗೇಣಿದಾರನಿಗೆ ನ್ಯಾಯವು ದೊರೆಯಬೇಕಾದರೆ ಸ್ವತ್ತಿನ ಹಕ್ಕು ತಗ್ಗಬೇಕಾಗಿತ್ತು. ಅದು ತಗ್ಗಿದುದು ಸರಿಯೇ. ಆದರೆ ಉಳುವವನಿಗಾಗಿ ತಗ್ಗಿಸಿದ ಹಕ್ಕನ್ನು ಇಲಾಖೆಗಳ ಅಲಕ್ಷ್ಯಕ್ಕೆ ಆಶ್ರಯವಾಗಿ ಬಳಸುವುದು ಸರಿಯಲ್ಲ. ಈ ಎರಡರ ನಡುವಣ ಗೆರೆಯನ್ನು ಎಳೆಯುವುದೇ ಆ ಚಿಕ್ಕ ವಿಧಿಯ ಕೆಲಸವಾಗಿ ಪರಿಣಮಿಸಿದೆ.

ಹೀಗಿದ್ದರೂ ಪೂರ್ಣ ಸಮಾಧಾನಕ್ಕೆ ಅವಕಾಶವಿಲ್ಲ. ಬೈಯಪ್ಪನಹಳ್ಳಿಯ ಭೂಮಿಯು ಸರ್ಕಾರದ ವಶಕ್ಕೆ ಹೋದ ವರ್ಷ ಹುಟ್ಟಿದ ಮಗುವಿಗೆ, ತೀರ್ಪು ಬಂದಾಗ ಐವತ್ತೇಳು ವರ್ಷ ತುಂಬಿತ್ತು. ಅಷ್ಟು ಕಾಲ ಖಾತೆ ಪಹಣಿಗಳನ್ನು ಜೋಪಾನಮಾಡಿ, ತಲೆಮಾರಿನಿಂದ ತಲೆಮಾರಿಗೆ ವ್ಯಾಜ್ಯವನ್ನು ನಡೆಸಿಕೊಂಡು ಬರಲು ಎಷ್ಟು ಮನೆಗಳಿಗೆ ಶಕ್ತಿಯುಂಟು? ಶಾಸನದ ಶಾಪವು ಮುಂದಿನ ಜನ್ಮದಲ್ಲಿ ಫಲಿಸತಕ್ಕುದಾಗಿತ್ತು. ನ್ಯಾಯಾಲಯದ ತೀರ್ಪು ಇದೇ ಜನ್ಮದಲ್ಲಿ ಫಲಿಸುತ್ತದೆ. ಆದರೆ ಭೂಮಿಯನ್ನು ಕಳೆದುಕೊಂಡವನೇ ಅದನ್ನು ಮರಳಿ ಕಾಣುವಂತೆ ಫಲಿಸಬೇಕು. ಅದು ಇನ್ನೂ ಆಗಬೇಕಾದ ಕೆಲಸವಾಗಿಯೇ ಉಳಿದಿದೆ.